ಸೂರ್ಯನ ಕಲೆ, ಕನ್ನಂಬಾಡಿಯ ನೀರು

(ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಈ ಉಪನ್ಯಾಸ ಹುಟ್ಟಿದ್ದು ಒಂದು ಆಲೆಮನೆಯಲ್ಲಿ. ಕಳೆದ ಬೇಸಿಗೆ ಪಾಂಡವಪುರದ ಕಡೆ ಹೋಗಿದ್ದಾಗ ಬೆಲ್ಲ ತರೋಣ ಅಂತ ಒಂದು ಆಲೆಮನೆ ಹೊಕ್ಕೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ನೂಕುತ್ತಿದ್ದ ಹಿರಿಯರೊಬ್ಬರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೇಳಿದರು: "ಮೇಷ್ಟ್ರೆ, ನೀವು ಓದ್ದೋರು. ವರ್ಸ ವರ್ಸ ಬಿಸ್ಲು ಏರ್ತಾನೇ ಅದೆ. ಸೂರ್ಯನೇ ಜಾಸ್ತಿ ಉರೀತಾವ್ನೆ ಅಲ್ವಾ? ಒಲೆ ಉರಿ ಜಾಸ್ತಿ ಆದ್ರೆ ತಾನೆ ಕೊಪ್ಪರಿಗೆ ಉಕ್ಕೋದು?"

ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಇಷ್ಟು ಸರಿಯಾಗಿ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ಕಡಿಮೆ. ಭೂಮಿಗೆ ಬರುವ ಶಾಖವೆಲ್ಲ ಹೆಚ್ಚುಕಡಿಮೆ ಸೂರ್ಯನಿಂದಲೇ ಬರುವುದು. ಹಾಗಿದ್ದಮೇಲೆ ಶಾಖ ಏರಿದರೆ ಮೊದಲು ಒಲೆಯನ್ನೇ ನೋಡಬೇಕು. ಅವರ ತರ್ಕದಲ್ಲಿ ತಪ್ಪಿಲ್ಲ. ಒಲೆಯ ಉರಿ ನಿಜವಾಗಿ ಏರಿದೆಯೇ ಎಂದು ಅಳೆದು ನೋಡುವುದೊಂದು ಬಾಕಿ. ಆ ಅಳತೆಯ ಕಥೆಯನ್ನೇ ಇವತ್ತು ಹೇಳುತ್ತೇನೆ. ಅದು ನಮ್ಮ ಸೀಮೆಯ ಸಾವಿನ ಜೊತೆ ಹೆಣೆದುಕೊಂಡ ಕಥೆ.

ನಾನು ಚಿಕ್ಕವನಿದ್ದಾಗ ತಟ್ಟೆಯಲ್ಲಿ ಅನ್ನ ಬಿಟ್ಟರೆ ನಮ್ಮಜ್ಜಿ "ದಾತು ಈಶ್ವರದಲ್ಲಿ ಹುಟ್ಟಿದ್ರೆ ಗೊತ್ತಾಗ್ತಿತ್ತು ನಿಂಗೆ" ಅನ್ನುತ್ತಿದ್ದರು. ಅದೇನೆಂದು ಆಗ ತಿಳಿಯುತ್ತಿರಲಿಲ್ಲ. ಧಾತು, ಈಶ್ವರ ಎಂಬುವು ಎರಡು ಸಂವತ್ಸರಗಳು, 1876ರಿಂದ 1878ರವರೆಗಿನ ಕಾಲ. ಮದರಾಸು ಪ್ರಾಂತ್ಯ, ಮೈಸೂರು ಸಂಸ್ಥಾನ ಎರಡನ್ನೂ ಆ ಬರ ಹಿಂಡಿಹಾಕಿತು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನಸಂಖ್ಯೆ ಏರಬೇಕಾದ ಕಡೆ ಎಂಟು ಲಕ್ಷ ಇಳಿಯಿತು. ಈ ಸಂಖ್ಯೆ ಓದಿದಾಗಲೆಲ್ಲ ನನಗೆ ಅಜ್ಜಿಯ ಮಾತು ಕಿವಿಯಲ್ಲಿ ಬರುತ್ತದೆ.

ಆ ಬರದ ನಡುವೆಯೇ, 1877ರಲ್ಲಿ, ಇಬ್ಬರು ಬ್ರಿಟಿಷರು ಸೇರಿ ಒಂದು ಲೇಖನ ಬರೆದರು. ಒಬ್ಬರು ನಾರ್ಮನ್ ಲಾಕ್ಯರ್, ಸೂರ್ಯನ ಬೆಳಕಿನಲ್ಲಿ ಹೀಲಿಯಂ ಗುರುತಿಸಿದವರಲ್ಲಿ ಒಬ್ಬರು. ಇನ್ನೊಬ್ಬರು ಇಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹಂಟರ್. ಸೂರ್ಯನ ಮೇಲೆ ಕಪ್ಪು ಕಲೆಗಳು ಕಡಿಮೆಯಾದ ವರ್ಷಗಳಲ್ಲಿ ಮದರಾಸಿನಲ್ಲಿ ಮಳೆ ಕಡಿಮೆಯಾಗುತ್ತದೆ, ಬರ ಬೀಳುತ್ತದೆ ಎಂಬುದು ಅವರ ವಾದ. ಆ ಕಾಲಕ್ಕೆ ಅದು ಹುರುಳಿಲ್ಲದ ಮಾತೇನೂ ಆಗಿರಲಿಲ್ಲ. ಸೂರ್ಯನ ಕಲೆಗಳು ಸುಮಾರು 10 ವರ್ಷಕ್ಕೊಮ್ಮೆ (ಈಗಿನ ಲೆಕ್ಕದಲ್ಲಿ ಸುಮಾರು 11) ಹೆಚ್ಚಿ ತಗ್ಗುತ್ತವೆ ಎಂಬುದನ್ನು ಜರ್ಮನಿಯ ಶ್ವಾಬೆ ಎಂಬ ಔಷಧ ವ್ಯಾಪಾರಿ, ಹದಿನೇಳು ವರ್ಷ ಬಿಡದೆ ಸೂರ್ಯನನ್ನು ನೋಡಿ, 1843ರಲ್ಲಿ ಹೇಳಿದ್ದರು. ಧಾತು ಈಶ್ವರ ಬರ ಬಿದ್ದಾಗ ಸೂರ್ಯ ನಿಜಕ್ಕೂ ಕಲೆಯಿಲ್ಲದೆ ಬೋಳಾಗುತ್ತಿದ್ದ. ಆ ಚಕ್ರ ತಳ ಮುಟ್ಟಿದ್ದು 1878ರ ಕೊನೆಗೆ. ಲೆಕ್ಕ ಕೂಡಿಬಂದಂತೆ ಕಂಡಿತು. ಸೂರ್ಯನನ್ನು ಓದಲು ಕಲಿತರೆ ಮುಂದಿನ ಬರವನ್ನು ಮೊದಲೇ ಹೇಳಬಹುದು, ಜನರನ್ನು ಉಳಿಸಬಹುದು ಎಂಬ ಆಸೆ ಹುಟ್ಟಿತು. ಕೊಡೈಕನಾಲ್ ಬೆಟ್ಟದ ಮೇಲೆ 1899ರಲ್ಲಿ ಸೌರ ವೀಕ್ಷಣಾಲಯ ಕಟ್ಟಿದ್ದರ ಹಿಂದೆ ಈ ಆಸೆಯೂ ಇತ್ತು. ಇಂದು ಅದನ್ನು ನೋಡಿಕೊಳ್ಳುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಒಂದು ಶತಮಾನಕ್ಕೂ ಮೀರಿದ ಸೂರ್ಯನ ಚಿತ್ರಗಳು ಅಲ್ಲಿವೆ. ಲೋಕದಲ್ಲಿ ಇಷ್ಟು ಉದ್ದದ ಸೂರ್ಯನ ದಿನಚರಿ ಇರುವ ಜಾಗಗಳು ಬೆರಳೆಣಿಕೆಯಷ್ಟೆ.

ಆಮೇಲೆ ಏನಾಯಿತು? 1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರು ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾಗಿ ಬಂದರು. ಲೋಕದ ಮೂಲೆಮೂಲೆಯ ಮಳೆ, ಗಾಳಿ, ಒತ್ತಡದ ಅಂಕಿಗಳನ್ನು ಗುಡ್ಡೆ ಹಾಕಿಕೊಂಡು ಲೆಕ್ಕ ಹಾಕಿಸಿದರು. ಗುಮಾಸ್ತರು ಕೈಯಲ್ಲೇ ಮಾಡಿದ ಲೆಕ್ಕ. ಸೂರ್ಯನ ಕಲೆಗೂ ಮುಂಗಾರಿಗೂ ಇರುವ ನಂಟು ತೀರ ಬಲಹೀನ ಎಂದು ಅವರಿಗೆ ಕಂಡಿತು. ಆದರೆ ಅದೇ ಅಂಕಿಗಳ ರಾಶಿಯಲ್ಲಿ ಬೇರೊಂದು ಸಿಕ್ಕಿತು. ಶಾಂತ ಮಹಾಸಾಗರದ ಒಂದು ಕಡೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ, ತಕ್ಕಡಿಯ ಹಾಗೆ. ಶಾಂತ ಮಹಾಸಾಗರದ ನಡುವಿನ ಮತ್ತು ಪೂರ್ವದ ನೀರು ವಾಡಿಕೆಗಿಂತ ಹೆಚ್ಚು ಕಾಯುವುದನ್ನು ನಾವು ಈಗ ಎಲ್ ನಿನೊ ಎನ್ನುತ್ತೇವಲ್ಲ, ಅದು ಈ ತಕ್ಕಡಿಯ ಜೊತೆಗಾರ. ಹುಡುಕಿದ್ದು ಸೂರ್ಯನಲ್ಲಿ, ಸಿಕ್ಕಿದ್ದು ಸಮುದ್ರದಲ್ಲಿ.

ಇಂದಿನ ಅಂಕಿಗಳನ್ನಿಟ್ಟು ನೀವೇ ಪರೀಕ್ಷೆ ಮಾಡಬಹುದು. 1877ರಲ್ಲಿ ಮಳೆ ಕೈಕೊಟ್ಟಾಗ ಸೂರ್ಯ ಬೋಳು. 1918ರಲ್ಲಿ ದೇಶದ ಉದ್ದಗಲಕ್ಕೂ ಮುಂಗಾರು ಕೈಕೊಟ್ಟಿತು, ಆಗ ಸೂರ್ಯ ಕಲೆಗಳ ಭರತದಲ್ಲಿದ್ದ. 1987ರ ಬರಕ್ಕೆ ಸೂರ್ಯ ಮತ್ತೆ ತಳದ ಹತ್ತಿರ. 2002ರ ಬರಕ್ಕೆ ತುದಿಯ ಹತ್ತಿರ. ಸೂರ್ಯ ಒಂದೊಂದು ಸಲ ಒಂದೊಂದು ಹೇಳುತ್ತಾನೆ. ಈ ನಾಲ್ಕೂ ವರ್ಷಗಳಲ್ಲಿ ತಪ್ಪದೆ ಇದ್ದದ್ದು ಎಲ್ ನಿನೊ. ಹಾಗಂತ ಎಲ್ ನಿನೊ ಬಂದಾಗಲೆಲ್ಲ ಬರ ಎನ್ನುವಂತಿಲ್ಲ, 1997ರಲ್ಲಿ ಭಾರೀ ಎಲ್ ನಿನೊ ಇದ್ದೂ ದೇಶಕ್ಕೆ ಮಳೆ ಚೆನ್ನಾಗಿಯೇ ಆಯಿತು.

ಹತ್ತಿರದ್ದು ಬೇಕೆ? 2023 ನೆನಪಿಸಿಕೊಳ್ಳಿ. ಆ ವರ್ಷದ ಆಗಸ್ಟ್, 1901ರಿಂದ ಇಟ್ಟ ದೇಶದ ದಾಖಲೆಯಲ್ಲೇ ಅತಿ ಒಣ ಆಗಸ್ಟ್. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ನಾಲೆಗೆ ನೀರು ಬಿಡಿ ಅಂತ ನೀವು ರಸ್ತೆಯಲ್ಲಿ ಕೂತಿರಿ. ಮರುವರ್ಷ, 2024ರ ಜುಲೈ ಮುಗಿಯುವಷ್ಟರಲ್ಲಿ ಕಟ್ಟೆ 124 ಅಡಿ ದಾಟಿ, ಗೇಟು ತೆಗೆದು ನೀರು ಹೊರಬಿಟ್ಟರು. ಈ ಎರಡು ವರ್ಷ ಸೂರ್ಯ ಏನು ಮಾಡುತ್ತಿದ್ದ? ಎರಡೂ ವರ್ಷ ತುದಿಯ ಹತ್ತಿರವೇ ಇದ್ದ. ಅದೇ ಸೂರ್ಯ, ಒಂದು ವರ್ಷ ಒಣಕಟ್ಟೆ, ಇನ್ನೊಂದು ವರ್ಷ ತುಂಬಿದ ಕಟ್ಟೆ.

ಹಾಗಾದರೆ ಸೂರ್ಯ ಏರಿಳಿಯುವುದೇ ಸುಳ್ಳೇ? ಖಂಡಿತ ಅಲ್ಲ. ಇಲ್ಲಿ ನನಗೆ ಬಹಳ ಇಷ್ಟವಾದ ವಿಷಯವೊಂದಿದೆ. ಸೌರಕಲೆ ಎಂದರೆ ಸೂರ್ಯನ ಮೈಮೇಲೆ ಕಾಂತಶಕ್ತಿ ಗಂಟುಕಟ್ಟಿದ ಜಾಗ. ಒಳಗಿನ ಶಾಖ ಮೇಲೆ ಬರಲು ಆ ಗಂಟು ಬಿಡುವುದಿಲ್ಲ. ಸುತ್ತ 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಅಲ್ಲಿ ಒಂದೂವರೆ ಎರಡು ಸಾವಿರ ಡಿಗ್ರಿ ಕಡಿಮೆ. ಅದಕ್ಕೇ ಕಪ್ಪಾಗಿ ಕಾಣುತ್ತದೆ. ಕಲೆ ಹೆಚ್ಚಾದರೆ ಸೂರ್ಯ ಮಂಕಾಗಬೇಕು ಅಂತ ಯಾರಿಗೂ ಅನಿಸುತ್ತದೆ. ಆಗುವುದು ತಿರುಗುಮುರುಗು. ಕಲೆಗಳ ಸುತ್ತಮುತ್ತ ಬೆಳಕಿನ ಸಣ್ಣ ಸಣ್ಣ ತೇಪೆಗಳು ಹುಟ್ಟುತ್ತವೆ. ಅವು ಕೊಡುವ ಹೆಚ್ಚುವರಿ ಬೆಳಕು ಕಲೆಗಳು ತಡೆದ ಬೆಳಕನ್ನು ಮೀರಿಸುತ್ತದೆ. ಆದ್ದರಿಂದ ಕಲೆ ಹೆಚ್ಚಿದ್ದಾಗಲೇ ಸೂರ್ಯ ಒಂದಿಷ್ಟು ಹೆಚ್ಚು ಬೆಳಗುತ್ತಾನೆ.

ಎಷ್ಟು ಹೆಚ್ಚು? 1978ರಿಂದ ಉಪಗ್ರಹಗಳು ಇದನ್ನು ಅಳೆಯುತ್ತಿವೆ. ವಾತಾವರಣದ ನೆತ್ತಿಯ ಮೇಲೆ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿಗೆ ಸುಮಾರು 1,361 ವಾಟ್ ಬೀಳುತ್ತದೆ. ಚಕ್ರದ ತಳಕ್ಕೂ ತುದಿಗೂ ನಡುವಿನ ವ್ಯತ್ಯಾಸ ಸುಮಾರು ಒಂದು ವಾಟ್. ಸಾವಿರದ ಮುನ್ನೂರು ರೂಪಾಯಿ ಬಿಲ್ಲಿನಲ್ಲಿ ಒಂದು ರೂಪಾಯಿ. ಅದೂ ದುಂಡಗಿನ ಭೂಮಿಯ ಹಗಲು ರಾತ್ರಿಗೆಲ್ಲ ಹಂಚಿ, ಮೋಡ, ಹಿಮ ಹಿಂದಕ್ಕೆ ಎಸೆದದ್ದನ್ನು ಕಳೆದರೆ, ಚದರ ಮೀಟರಿಗೆ ಉಳಿಯುವುದು ವಾಟಿನ ಆರನೇ ಒಂದು ಭಾಗದ ಆಸುಪಾಸು. ಭೂಮಿಯ ಸರಾಸರಿ ತಾಪದಲ್ಲಿ ಇದು ತರುವ ಏರಿಳಿತ ಸುಮಾರು 0.1 ಡಿಗ್ರಿ.

ಒಂದು ಮಾತು ಸೇರಿಸಬೇಕು. ನೇರಳಾತೀತ ಕಿರಣಗಳ ಏರಿಳಿತ ಮಾತ್ರ ಇದಕ್ಕಿಂತ ಬಹಳ ದೊಡ್ಡದು, ಕೆಲವು ಅಲೆಗಳಲ್ಲಿ ಶೇಕಡಾ ಹಲವು ಪಾಲು. ಅವನ್ನು ಹೀರುವುದು ನಮ್ಮ ತಲೆಯ ಮೇಲೆ ಇಪ್ಪತ್ತು, ಐವತ್ತು ಕಿಲೋಮೀಟರ್ ಎತ್ತರದ ಓಝೋನ್. ಅಲ್ಲಿ ಶಾಖ ಬದಲಾದರೆ ಗಾಳಿಯ ಹಾದಿ ಕೊಂಚ ಬದಲಾಗುತ್ತದೆ. ಯುರೋಪಿನ ಚಳಿಗಾಲದ ಮೇಲೆ ಇದರ ನೆರಳು ಬೀಳಬಹುದು ಎಂದು ವಿಜ್ಞಾನಿಗಳು ತೂಗಿ ನೋಡುತ್ತಿದ್ದಾರೆ. ಸೂರ್ಯನ ಪಾತ್ರವನ್ನು ಸೊನ್ನೆ ಎನ್ನುವುದು ಕೂಡ ತಪ್ಪೇ.

ಸೂರ್ಯ ದೀರ್ಘಕಾಲ ಬೋಳಾಗಿದ್ದ ಒಂದು ಅವಧಿ ಇದೆ, 1645ರಿಂದ 1715. ಅದನ್ನು ಮೌಂಡರ್ ಕನಿಷ್ಠ ಎನ್ನುತ್ತಾರೆ. ಅದರೊಳಗೆ 1672ರಿಂದ 1699ರವರೆಗೆ, 28 ವರ್ಷಕ್ಕೆ, ಖಗೋಳಜ್ಞರ ಕಣ್ಣಿಗೆ ಬಿದ್ದ ಕಲೆಗಳು 50ಕ್ಕಿಂತ ಕಡಿಮೆ. ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಅವರ ಹೆಸರಿನ ನಾಲೆಯಲ್ಲಿ ಇವತ್ತಿಗೂ ನಿಮ್ಮ ಗದ್ದೆಗೆ ನೀರು ಹರಿಯುತ್ತದೆ. ಆ ಕಾಲದಲ್ಲಿ ಯುರೋಪಿನಲ್ಲಿ ನದಿಗಳು ಹೆಪ್ಪುಗಟ್ಟಿದ್ದು ನಿಜ. ಆದರೆ ಆ ಚಳಿಯ ಕಾಲ ಸೂರ್ಯ ಬೋಳಾಗುವ ಎಷ್ಟೋ ಮುಂಚೆಯೇ ಶುರುವಾಗಿತ್ತು, ಜ್ವಾಲಾಮುಖಿಗಳ ಬೂದಿ, ಗಂಧಕಕ್ಕೂ ಅದರಲ್ಲಿ ಪಾಲಿದೆ. ಅಂಥ ಬೋಳು ಕಾಲ ಮತ್ತೆ ಬಂದರೂ ಭೂಮಿ ತಣಿಯುವುದು ಹೆಚ್ಚೆಂದರೆ 0.3 ಡಿಗ್ರಿ ಎಂದು ಲೆಕ್ಕ ಹಾಕಿದ್ದಾರೆ. ಭೂಮಿ ಈಗಾಗಲೇ ಒಂದು ಡಿಗ್ರಿಗೂ ಹೆಚ್ಚು ಕಾದಿದೆ.

ಈಗ ಆಲೆಮನೆಯ ಹಿರಿಯರಿಗೆ ಉತ್ತರ. ಕಳೆದ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಒಲೆಯ ಉರಿ ಏರಿಲ್ಲ. 1957-58ರಲ್ಲಿ ಕಲೆಗಳು ದಾಖಲೆಯ ಎತ್ತರ ಮುಟ್ಟಿದ್ದವು. 2014ರ ತುದಿ ನೂರು ವರ್ಷಗಳಲ್ಲೇ ಬಹಳ ಸಣ್ಣದು. ಸೂರ್ಯ ಕೊಂಚ ಇಳಿದಿದ್ದಾನೆ, ತಾಪ ಮಾತ್ರ ಏರಿದೆ. ಅವತ್ತು ಅವರಿಗೆ ನಾನು ಕೊಪ್ಪರಿಗೆ ಬಿಟ್ಟು ಕಂಬಳಿಯ ಮಾತು ಹೇಳಿದೆ. ಮಾಗಿಯ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದಾಗ ಕಂಬಳಿ ಹೊದ್ದು ಕೂರುತ್ತೀರಿ. ಒಳಗೆ ಮೈ ಬೆಚ್ಚಗಾಗುತ್ತದೆ, ಕಂಬಳಿಯ ಹೊರಮೈ ಮುಟ್ಟಿದರೆ ತಣ್ಣಗಿರುತ್ತದೆ, ಯಾಕೆಂದರೆ ಶಾಖ ಒಳಗೇ ನಿಂತಿದೆ. ಬೆಚ್ಚಗಾಗಿದ್ದು ಬೆಂಕಿಯಿಂದ ಆಗಿದ್ದರೆ ಕಂಬಳಿಯ ಹೊರಮೈ ಮೊದಲು ಕಾಯಬೇಕಿತ್ತು. ವಾತಾವರಣದಲ್ಲೂ ಇದನ್ನೇ ನೋಡಿದ್ದಾರೆ. ನೆಲದ ಹತ್ತಿರದ ಗಾಳಿ ಕಾಯುತ್ತಿದೆ, ಅದರ ಮೇಲಿನ ಗಾಳಿಯ ಪದರ, ಅಂದರೆ ಸ್ತರಗೋಳ, ತಣಿಯುತ್ತಿದೆ. ಸೂರ್ಯ ಹೆಚ್ಚು ಉರಿದಿದ್ದರೆ ಎರಡೂ ಕಾಯಬೇಕಿತ್ತು. ಲೋಕದ ಬಹುಭಾಗದಲ್ಲಿ ರಾತ್ರಿಗಳು ಹಗಲಿಗಿಂತ ಬೇಗ ಬೆಚ್ಚಗಾಗುತ್ತಿರುವುದೂ ಕಂಬಳಿಯ ಗುರುತೇ. ಸೂರ್ಯನಿಲ್ಲದ ಹೊತ್ತಿನಲ್ಲಿ ಸೂರ್ಯನ ಮೇಲೆ ದೂರು ಹೇಳುವುದು ಹೇಗೆ?

ಆ ಕಂಬಳಿ ಇಂಗಾಲದ ಡೈಆಕ್ಸೈಡು ಮತ್ತು ಅದರ ಜೊತೆಗಾರ ಅನಿಲಗಳು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸುವ ಮೊದಲು ಗಾಳಿಯ ಹತ್ತು ಲಕ್ಷ ಕಣದಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು 280 ಇತ್ತು, ಈಗ 420 ದಾಟಿದೆ. 1750ರಿಂದ ಈಚೆಗೆ ಈ ಒಂದು ಅನಿಲವೇ ಚದರ ಮೀಟರಿಗೆ ಎರಡು ವಾಟಿಗಿಂತ ಹೆಚ್ಚು ಶಾಖ ಹಿಡಿದಿಟ್ಟಿದೆ. ಸೂರ್ಯನ ಏರಿಳಿತ ಕೊಡುವ ವಾಟಿನ ಆರನೇ ಒಂದು ಭಾಗದ ಪಕ್ಕ ಇದನ್ನು ಇಟ್ಟು ನೋಡಿ. ಅದೂ ಸೂರ್ಯನದ್ದು ಹನ್ನೊಂದು ವರ್ಷಕ್ಕೆ ಏರಿ ಇಳಿದು ಹೋಗುತ್ತದೆ, ಇದು ಏರುತ್ತಲೇ ಇದೆ.

ನಾನು ಹೇಳಿ ಮುಗಿಸಿದಾಗ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಆ ಕಂಬ್ಳಿ ನೇಯ್ದೋರು ನಾವೇ ಅನ್ನಿ" ಅಂದರು. ಸಂವತ್ಸರದ ಲೆಕ್ಕ ಕೇಳಿಕೊಂಡು ಬೆಳೆದ ನನಗೆ ಆ ಮಾತು ತುಂಬ ತಟ್ಟಿತು. ಧಾತು ಈಶ್ವರದ ಜನರಿಗೆ ಮುಗಿಲು ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ನಮಗೆ ಇದೆ.

ಅವರು ಇವತ್ತು ಇಲ್ಲಿ ಬಂದಿದ್ದಾರೆ, ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಇನ್ನು ಮಾತು ಸಾಕು. ಹೊರಗೆ ಅಂಗಳದಲ್ಲಿ ನನ್ನ ಸಣ್ಣ ದೂರದರ್ಶಕ ಇಟ್ಟಿದ್ದೇನೆ. ಅದರೊಳಗೆ ಕಣ್ಣಿಟ್ಟು ಯಾರೂ ನೋಡಕೂಡದು, ಕಣ್ಣು ಒಂದೇ ಕ್ಷಣದಲ್ಲಿ ಹೋಗುತ್ತದೆ. ಹಿಂದೆ ಬಿಳಿ ಡ್ರಾಯಿಂಗ್ ಹಾಳೆ ಕಟ್ಟಿದ್ದೇನೆ, ಅದರ ಮೇಲೆ ಅಂಗೈಯಷ್ಟು ಸೂರ್ಯ ಬೀಳುತ್ತಾನೆ. ಎಂಟು ನಿಮಿಷ ಇಪ್ಪತ್ತು ಸೆಕೆಂಡಿನ ಹಿಂದೆ ಅಲ್ಲಿಂದ ಹೊರಟ ಬೆಳಕು. ಅದರಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿ ಕಂಡರೆ ಪೆನ್ಸಿಲಿನಿಂದ ಗುರುತು ಹಾಕಿ, ಪಕ್ಕದಲ್ಲಿ ಇವತ್ತಿನ ತಾರೀಖು ಬರೆಯಿರಿ. ಹಾಳೆಯ ಮೇಲೆ ನೆರಳು ಬೀಳದಂತೆ ಒಂದೊಂದೇ ಜನ ಬನ್ನಿ, ಚಿಕ್ಕ ಮಕ್ಕಳು ಮೊದಲು.