ಕೋಡ್ ಓದಿದರೆ ರೋಗ ಸಿಗಲ್ಲ

ಪಿ 0171. ಕಳೆದ ಮಳೆಗಾಲದಲ್ಲಿ ನನ್ನ ಪೆಟ್ರೋಲ್ ಕಾರು ತೋರಿಸಿದ ಕೋಡ್ ಇದು, ಅಂದರೆ ಎಂಜಿನ್ ಕಂಪ್ಯೂಟರ್ ಬರೆದಿಡುವ ದೋಷದ ನಂಬರ್. ಹಳದಿ ಚೆಕ್ ಎಂಜಿನ್ ಲೈಟ್ ಹೊತ್ತಿಕೊಂಡಿತ್ತು. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ನಡುಗುತ್ತಿತ್ತು. ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿ ಎರಡೇ ನಿಮಿಷಕ್ಕೆ "ಆಕ್ಸಿಜನ್ ಸೆನ್ಸರ್ ಹೋಗಿದೆ" ಅಂದರು. ಎಂಜಿನ್ ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ಅಳೆಯುವ ಪಾರ್ಟ್ ಅದು. ಹೊಸದು ಹಾಕಿಸಿದೆ. ಮೂರೇ ದಿನ, ಮತ್ತೆ ಅದೇ ಲೈಟ್.

ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಎಂಜಿನ್ ಆನ್ ಮಾಡಿಸಿ, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. ಎಂಜಿನ್‌ಗೆ ಗಾಳಿ ಹೋಗುವ ಇಂಟೇಕ್ ಹತ್ತಿರ ಸಣ್ಣಗೆ ಸುಯ್ ಅನ್ನುವ ಸದ್ದು. ಅಲ್ಲಿ ಒಂದು ರಬ್ಬರ್ ಪೈಪ್ ಅಡಿಭಾಗದಲ್ಲಿ ಬಿರುಕು ಬಿಟ್ಟಿತ್ತು. ಅಷ್ಟೇ.

ಪಿ 0171 ಹೇಳುವುದು ಇಷ್ಟು: ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಯಾಕೆ ಅಂತ ಅದು ಹೇಳಲ್ಲ. ಆ ಬಿರುಕಿನಿಂದ ಗಾಳಿ ಒಳಗೆ ನುಗ್ಗುತ್ತಿತ್ತು, ನನ್ನ ಹಳೇ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ದೂರು ಕೊಡಲು ಬಂದವನನ್ನೇ ಹಿಡಿದು ಲಾಕಪ್ಪಿಗೆ ಹಾಕಿದ ಹಾಗಾಯಿತು, ಅಲ್ವಾ?

ಕಾರಣ ಹುಡುಕಲು ದಾರಿ ಇದೆ. ಅದೇ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆದು ಫ್ಯುಯೆಲ್ ಟ್ರಿಮ್ ನೋಡಬೇಕು. ಎಂಜಿನ್ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಜಾಸ್ತಿ ಪೆಟ್ರೋಲ್ ಸುರಿಯುತ್ತಿದೆ ಅನ್ನುವುದು ಅಲ್ಲಿ ಕಾಣುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಶೇಕಡಾ 20 ಇದ್ದದ್ದು, 2500 ಆರ್‌ಪಿಎಂಗೆ ಏರಿಸಿದಾಗ 5ರ ಹತ್ತಿರ ಇಳಿದರೆ ಗಾಳಿ ಸೋರಿಕೆ ಅಂತ ಅನುಮಾನ ಪಡಬಹುದು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಹಾಗಾಗಿ ಸಣ್ಣ ಬಿರುಕೂ ದೊಡ್ಡದಾಗಿ ಕಾಣುತ್ತದೆ. ಅದೇ, ಘಾಟಿ ಹತ್ತುವಾಗ ನಂಬರ್ ಏರುತ್ತಾ ಹೋದರೆ ಫ್ಯುಯೆಲ್ ಪಂಪ್, ಫಿಲ್ಟರ್ ಕಡೆ ನೋಡಬೇಕು. ಕೋಡ್ ಒಂದೇ. ಒಂದು ರೋಗ ಬಾನೆಟ್ ಕೆಳಗೆ, ಇನ್ನೊಂದು ಟ್ಯಾಂಕ್ ಕಡೆ.

ಪಿ 0301 ಬಂದರೆ ಮೊದಲ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ (ಕಿಡಿಗೆ ಕರೆಂಟ್ ಕೊಡುವ ಪಾರ್ಟ್) ಇರುವ ಗಾಡಿಯಾದರೆ ಆ ಕಾಯಿಲ್ ತೆಗೆದು ಎರಡನೆಯದಕ್ಕೆ ಹಾಕಿ, ಅದರದ್ದು ಇಲ್ಲಿಗೆ ಹಾಕಿ. ಕೋಡ್ ಪಿ 0302 ಆದರೆ, ಅಂದರೆ ಮಿಸ್‌ಫೈರ್ ಎರಡನೇ ಸಿಲಿಂಡರ್‌ಗೆ ಹೋದರೆ, ಕಾಯಿಲ್ಲೇ ಕೆಟ್ಟಿದೆ. ಒಂದು ರೂಪಾಯಿ ಖರ್ಚಿಲ್ಲ. ಹಾಂ, ಲೈಟ್ ಮಿಣುಕುತ್ತಿದ್ದರೆ ಮಾತ್ರ ಓಡಿಸಬೇಡಿ, ಸುಡದ ಪೆಟ್ರೋಲ್ ಹೋಗಿ, ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ. ಬೆಲೆ ನೀವೇ ಊಹಿಸಿ.

ಇನ್ನೊಂದು ಮಾತು. "ಸರ್, ಕೋಡ್ ಕ್ಲಿಯರ್ ಮಾಡಿಕೊಡ್ತೀನಿ" ಅಂದರೆ ತಕ್ಷಣ ಒಪ್ಪಬೇಡಿ. ಕೋಡ್ ಬಂದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಬಿಸಿ ಎಷ್ಟಿತ್ತು, ಲೋಡ್ ಎಷ್ಟಿತ್ತು ಅನ್ನುವುದು ಫ್ರೀಜ್ ಫ್ರೇಮ್‌ನಲ್ಲಿ ಉಳಿದಿರುತ್ತದೆ. ಕ್ಲಿಯರ್ ಮಾಡಿದರೆ ಆ ಸಾಕ್ಷಿಯೂ ಹೋಗುತ್ತದೆ. ಮೊದಲು ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ತಪ್ಪೆಲ್ಲ ಗ್ಯಾರೇಜ್‌ನವರ ಮೇಲೆ ಹಾಕಲು ನನಗೆ ಮನಸ್ಸಿಲ್ಲ. "ಬರೀ ನೋಡಿದ್ದಕ್ಕೆ ದುಡ್ಡಾ?" ಅಂತ ಕೇಳುವವರು ನಾವೇ. ಡಾಕ್ಟರ್‌ಗೆ ಫೀಸ್ ಕೊಡುತ್ತೇವೆ, ಮೆಕ್ಯಾನಿಕ್‌ಗೆ ಪಾರ್ಟ್ ಹಾಕಿದರೆ ಮಾತ್ರ ಕೊಡುತ್ತೇವೆ. ಹೀಗಾದರೆ ಅವರು ಪಾರ್ಟ್ ಹಾಕುವುದೇ ಕೆಲಸ ಅಂದುಕೊಳ್ಳದೆ ಇನ್ನೇನು ಮಾಡುತ್ತಾರೆ? "ಯಾವ ಟೆಸ್ಟ್ ಮಾಡಿದ್ರಿ?" ಅಂತ ಕೇಳುವ ಹಕ್ಕು ನಮಗೆ ಬೇಕಿದ್ದರೆ, ಆ ಟೆಸ್ಟಿಗೆ ದುಡ್ಡು ಕೊಡುವ ಮನಸ್ಸೂ ಬೇಕು.

ಆವತ್ತು ಆ ಮೆಕ್ಯಾನಿಕ್ ಪೈಪಿನ ದುಡ್ಡು ಮಾತ್ರ ಬರೆದಿದ್ದರು. ಮುಕ್ಕಾಲು ಗಂಟೆ ಹುಡುಕಿದ್ದಕ್ಕೆ ಎಷ್ಟು ಅಂತ ಕೇಳಿದೆ. "ಅದಕ್ಕೆಲ್ಲ ಯಾರು ಕೊಡ್ತಾರೆ ಸರ್" ಅಂದರು. ಬಿಲ್ಲಿನಲ್ಲಿ ಇನ್ನೊಂದು ಸಾಲು ಬರೆಸಿ, ಕೊಟ್ಟು ಬಂದೆ.