ಕಡೀಗೇನಾಗ್ತೈತಿ ಗೊತ್ತಿದ್ರೂ ಮತ್ತ ಅದನ್ನ ಹಚ್ಚೋದ್ಯಾಕ

ನಮಸ್ಕಾರ್ರೀ ಎಲ್ಲಾರಿಗೂ, ಕೊಪ್ಪಳದಿಂದ ಮತ್ತೊಂದು ವ್ಲಾಗ್. ಇವತ್ತು ಗವಿಮಠದ ಕಡೆ ಹೋಗಿ ಶೂಟ್ ಮಾಡೋಣ ಅಂದಿದ್ದೆ, ಆದ್ರ ಹೊರಗ ಬಿಸಿಲು ಹೆಂಗೈತಂದ್ರ ಬಾಗಲಾ ತೆಗದ್ರ ಮುಖಕ್ಕ ಝಳ ಹೊಡೀತೈತಿ, ಅದಕ ಇಡೀ ವಿಡಿಯೋ ನಮ್ಮ ಪಡಸಾಲಿಯೊಳಗನ. ಅವ್ವ ಮೊರದಾಗ ಶೇಂಗಾ ಹಾಕ್ಕೊಂಡು ಸುಲಿಯಾಕತ್ಯಾಳ, ನಾನು ಮೊಬೈಲ್ ಟಿವಿಗೆ ಕನೆಕ್ಟ್ ಮಾಡಿ ಮಾಲ್ಗುಡಿ ಡೇಸ್ ಹಚ್ಚೀನಿ. ಹೌದ್ರಿ, ಮತ್ತ ಅದನ್ನ.

ನಮ್ಮ ತಮ್ಮ ಅಂತಾನ, "ಅಕ್ಕಾ, ಕಡೀಗೇನಾಗ್ತೈತಿ ಎಲ್ಲಾ ಗೊತ್ತೈತಲ್ಲ, ಹೊಸದೇನರ ಹಚ್ಚಬಾರದಾ." ಅವಗ ಅವತ್ತು ಏನೂ ಹೇಳ್ಲಿಲ್ಲ, ಇವತ್ತು ನಿಮ್ಮೆಲ್ಲರ ಮುಂದ ಹೇಳ್ತೀನಿ.

ನಮ್ಮ ಕಡೆ ಹಳ್ಳ್ಯಾಗ ದೊಡ್ಡಾಟ ಐತಿ ಅಂದ್ರ ಜನ ಏನು ಕೇಳ್ತಾರ ಹೇಳ್ರಿ? ಕಥಿ ಏನು, ಯಾರು ಗೆಲ್ತಾರ ಅಂತ ಯಾರೂ ಕೇಳಲ್ಲ. ದುರ್ಯೋಧನನ ಪಾರ್ಟು ಯಾರ್ದು ಅಂತ ಕೇಳ್ತಾರ. ಭೀಮ ತೊಡಿ ಮುರಿತಾನ ಅನ್ನೋದು ಸಣ್ಣ ಹುಡುಗರಿಗೂ ಗೊತ್ತು, ಆದ್ರೂ ಚಾಪಿ ಹಾಸ್ಕೊಂಡು ಬೆಳಕು ಹರಿಯೋತನ ಕುಂದ್ರತಾರ, ಯಾಕಂದ್ರ ಅವ ಹೆಂಗ ಹೆಜ್ಜಿ ಹಾಕ್ತಾನ, ಹೆಂಗ ದನಿ ಏರಿಸ್ತಾನ ನೋಡಬೇಕು. ನಮ್ಮ ಜಿಲ್ಲಾದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅಜ್ಜಿಗೆ 2025ರಾಗ ಪದ್ಮಶ್ರೀ ಬಂತಲ್ಲ, ಆ ತಾಯಿ ಜೀವಮಾನ ಪೂರ್ತಿ ತೊಗಲುಗೊಂಬಿ ಆಡಿಸಿದ್ದು ರಾಮಾಯಣ, ಮಹಾಭಾರತದ ಕಥಿಗೋಳನ್ನ. ಕಡೀಗೇನಾಗ್ತೈತಿ ಗೊತ್ತಿಲ್ಲದವರು ಆ ಪರದೆ ಮುಂದ ಯಾರರ ಕುಂತಿದ್ರೇನು? 2020ರ ಲಾಕ್‌ಡೌನ್‌ದಾಗ ಮಾರ್ಚ್ 28ಕ್ಕ ದೂರದರ್ಶನದಾಗ ಹಳೇ ರಾಮಾಯಣ ಮತ್ತ ಶುರು ಮಾಡಿದ್ರಲ್ಲ, ಆವಾಗ ಮನಿಮಂದಿಯೆಲ್ಲಾ ಕುಂತು ನೋಡಿದ್ದೂ ಹಿಂಗ.

ಈಗ ಮಾಲ್ಗುಡಿಗೆ ಬರ್ರಿ. ಆರ್.ಕೆ. ನಾರಾಯಣ್ ಕಥಿ, ಶಂಕರ್‌ನಾಗ್ ಡೈರೆಕ್ಷನ್, ಆಗುಂಬೆಯೊಳಗ ಶೂಟಿಂಗು, ಎಲ್. ವೈದ್ಯನಾಥನ್ ಮ್ಯೂಸಿಕ್ಕು, ಅದರ ಟೈಟಲ್ ಟ್ಯೂನ್ ಕೇಳಿದ್ರ ಒಳಗಿದ್ದವರೂ ಪಡಸಾಲಿಗೆ ಬರ್ತಾರ. ಸ್ವಾಮಿ ಆಗಿದ್ದು ಮಾಸ್ಟರ್ ಮಂಜುನಾಥ್, ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಸ್ವಾಮಿ ಕಥಿ ಕಡೀಗೆ ಅವನ ಗೆಳೆಯ ರಾಜಂ ಊರು ಬಿಟ್ಟು ಹೋಗ್ತಾನ, ಸ್ವಾಮಿ ಮ್ಯಾಚಿಗೆ ಬರಲಿಲ್ಲಂತ ರಾಜಂಗ ಸಿಟ್ಟು ಬ್ಯಾರೆ, ಸ್ವಾಮಿ ಅವಗಂತ ಒಂದು ಪುಸ್ತಕ ತಗೊಂಡು ಸ್ಟೇಷನ್‌ಗೆ ಬರ್ತಾನ, ರೈಲು ಹೊಂಟುಬಿಡ್ತೈತಿ.

ಮೊದಲ ಸಲ ನೋಡುವಾಗ ನನಗ ರಾಜಂ ಅಂದ್ರ ಕ್ಲಾಸಿಗೆ ಹೊಸದಾಗಿ ಬಂದ ಪೊಲೀಸ್ ಸಾಹೇಬರ ಮಗ, ಸ್ವಲ್ಪ ಧಿಮಾಕಿನ ಹುಡುಗ, ಅಷ್ಟ. ಸ್ವಾಮಿ, ಮಣಿ ಅವನ ಕೂಡ ಜಗಳಕ್ಕಂತ ನದಿ ದಂಡಿಗೆ ಹೋಗಿ ಗೆಳೆಯರಾಗಿ ಬರ್ತಾರಲ್ಲ, ಆವಾಗ ನಕ್ಕೀನಿ. ಈಗ ಅದೇ ಸೀನ್ ಬಂದ್ರ ನನಗ ಗಂಟಲಾ ಕಟ್ತೈತ್ರಿ. ಆ ಹುಡುಗರಿಗೆ ಮುಂದಿಂದು ಗೊತ್ತಿಲ್ಲ, ನನಗ ಗೊತ್ತೈತಿ, ಅವರು ನಕ್ಕಷ್ಟೂ ನನಗ ಆ ರೈಲು ನೆನಪಾಗ್ತೈತಿ. ಮುಂದೇನು ಮುಂದೇನು ಅನ್ನೋ ಅವಸರ ಇರೋವಾಗ ಇದು ಕಣ್ಣಿಗೇ ಬಿದ್ದಿರಲಿಲ್ಲ. ಕಾರ್ನಾಡರು ಸುಮ್ನ ಮಗನ ಕಡೆ ನೋಡೋದು, ಹಿಂದ ಹಂಚಿನ ಮನಿ, ಓಣಿಯೊಳಗ ಹೋಗೋ ಮಂದಿ, ಇವೆಲ್ಲಾ ಈಗೀಗ ಕಾಣಾಕತ್ಯಾವ. ನಮ್ಮ ಈ ಬಿಸಿಲಾಗ ಕುಂತು ಆಗುಂಬೆಯ ಹಸಿರು ನೋಡೋದಂತೂ ಬ್ಯಾರೇನ ಸುಖ.

ಇನ್ನೊಂದು ಹೇಳ್ತೀನಿ, ಇದು ಮಾತ್ರ ಸಂಕಟದ್ದು. ಶಂಕರಣ್ಣ 1990ರ ಸೆಪ್ಟೆಂಬರ್ 30ಕ್ಕ ದಾವಣಗೆರೆ ಹತ್ರ ಅನಗೋಡಿನಾಗ ಆಕ್ಸಿಡೆಂಟ್‌ದಾಗ ಹೋದ್ರು, 35 ವಯಸ್ಸು ಅಷ್ಟ. ಟೈಟಲ್‌ನ್ಯಾಗ ಅವರ ಹೆಸರು ಬಂದಾಗ ಅದೂ ನೆನಪಾಗ್ತೈತಿ, ನೆನಪಾದ ಮ್ಯಾಲೆ ನಾನು ಒಂದು ಫ್ರೇಮೂ ಓಡಿಸಲ್ಲ, ನಿಧಾನಕ್ಕ ನೋಡ್ತೀನಿ.

ಕಾಮಿಡಿ ಲೆಕ್ಕ ಬ್ಯಾರೆ ಐತ್ರಿ. ಸಿಹಿಕಹಿ ಚಂದ್ರು ಅವರ ಪಾಪ ಪಾಂಡು ತಗೋರಿ, ಹೆಂಡ್ತಿ ಪಾಚು ಕಡೆಯಿಂದ ಪಾಂಡುಗ ಏಟು ಬೀಳ್ತೈತಿ ಅನ್ನೋದು ಮೊದಲ ಸಲ ನೋಡಿದವರಿಗೂ ಗೊತ್ತಿರ್ತೈತಿ, ಅಂದಮ್ಯಾಲೆ ಎಷ್ಟು ಸಲ ನೋಡಿದ್ರೇನು. ಅವ್ವಗ ಡೈಲಾಗ್ ಎಲ್ಲಾ ಬಾಯಿಪಾಠ. ಪಾಂಡು ಬಾಯಿ ತೆಗಿಯೂಕಿಂತ ಮೊದಲ ಆಕಿ ನಗಾಕ ಶುರು ಮಾಡ್ತಾಳ, ಸುಲಿದ ಕಾಳು ಸಿಪ್ಪಿ ಬುಟ್ಟಿಗೆ, ಸಿಪ್ಪಿ ಕಾಳಿನ ಬುಟ್ಟಿಗೆ. ಈಗ ಸ್ಕ್ರೀನ್ ಮ್ಯಾಲೆ ಕಾಣೋದು ಅದ ನೋಡ್ರಿ, ನಾನು ಕಟ್ ಮಾಡಿಲ್ಲ. ಆಕಿ ನಗೋದು ನೋಡಿ ನನಗ ನಗು, ಎಪಿಸೋಡ್ ಆಮೇಲೆ.

ಎಲ್ಲಾ ಸೀರಿಯಲ್ಲೂ ಹಂಗಿರಲ್ಲ ಬಿಡ್ರಿ. ಬರೀ ಸಸ್ಪೆನ್ಸ್ ಮ್ಯಾಲೆ ಎಳೆದದ್ದು ಗುಟ್ಟು ತಿಳಿದ ಮ್ಯಾಲೆ ಎರಡನೇ ಸಲ ಕುಂದ್ರಾಕ ಆಗಲ್ಲ. ಮನುಷ್ಯರು ಚಲೋ ಇದ್ದದ್ದು ಮಾತ್ರ ಉಳಿತೈತಿ.

ಮುಂದಿನ ವಾರದಿಂದ ಅವ್ವ ಮತ್ತ ನಾನು ಮಾಯಾಮೃಗ ಹಚ್ಚಾಕತ್ತೀವಿ. 1998ರಾಗ ದೂರದರ್ಶನದಾಗ ಬಂದದ್ದು, ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಕೂಡಿ ಮಾಡಿದ್ದು. ಅವ್ವ ಆಗ ಬಿಡದಂಗ ನೋಡ್ಯಾಳ, ನಾನು ನೋಡಿಲ್ಲ. ಕಡೀಗೇನಾಗ್ತೈತಿ ಅಂತ ಮೊದಲ ಹೇಳಿಬಿಡಬೇ ಅಂತ ನಾನ ಕೇಳೀನಿ, ಇವತ್ತು ರಾತ್ರಿ ಊಟಕ್ಕ ಕುಂತಾಗ ಹೇಳ್ತಾಳಂತ. ನೀವು ಮತ್ತ ಮತ್ತ ನೋಡೋದು ಯಾವುದೈತಿ ಹೇಳ್ರಿ, ನಾನೂ ಹಚ್ತೀನಿ. ಬರ್ತೀನ್ರೀ.