ಕೆಂಪು ಕ್ಯಾಪು, ಕಿತ್ತಳೆ ಕ್ಯಾಪು: ವಾರ್ಡಿನಲ್ಲಿ ಲೀಡರ್ ಯಾರು?

[ದೃಶ್ಯ: ಸ್ಟೀಲ್ ಟ್ರೇಯಲ್ಲಿ ಎರಡು ಇನ್ಸುಲಿನ್ ಸಿರಿಂಜ್, ತೀರಾ ಹತ್ತಿರದಿಂದ]

ಈ ಎರಡು ಸಿರಿಂಜ್ ನೋಡಿ. ಲೀಡರ್‌ಶಿಪ್ ಯಾವುದು, ಮ್ಯಾನೇಜ್‌ಮೆಂಟ್ ಯಾವುದು ಅಂತ ನನಗೆ ತಿಳಿದದ್ದು ಇವುಗಳಿಂದಲೇ. ಕೆಂಪು ಕ್ಯಾಪಿನದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ. ಕಿತ್ತಳೆಯದು 100 ಯೂನಿಟ್‌ನದಕ್ಕೆ. 100ರ ಬಾಟಲಿಯಿಂದ ಕೆಂಪು ಕ್ಯಾಪಿನ ಸಿರಿಂಜಿಗೆ 10ರ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಶುಗರ್ ಎಲ್ಲಿಗೆ ಇಳಿಯಬಹುದು, ಲೆಕ್ಕ ಹಾಕಿ.

ಕಾರವಾರದ ಕಡೆಯ ಒಂದು ಆಸ್ಪತ್ರೆ. ನಾನಾಗ ಹೊಸಬಳು. ಜುಲೈ ಮಳೆ, ನೈಟ್ ಡ್ಯೂಟಿ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಸೀನಿಯರ್ ಸಿಸ್ಟರ್ ಇನ್ಸುಲಿನ್ ಎಳೆದುಕೊಂಡು ಬೆಡ್ ಕಡೆ ಹೊರಟರು. ಟ್ರೇಯಲ್ಲಿ ಕೆಂಪು ಕ್ಯಾಪ್ ಬಿದ್ದಿತ್ತು. ಪಕ್ಕದ ಬಾಟಲಿ 100ರದು. ನನಗೆ ಕಂಡಿತು, ಬಾಯಿ ಮಾತ್ರ ಬರಲಿಲ್ಲ. ಹದಿನೈದು ವರ್ಷ ಸರ್ವಿಸ್ ಆದವರಿಗೆ ನಾನು ಹೇಳುವುದಾ? ಅವರು ನಾಲ್ಕು ಹೆಜ್ಜೆ ಹೋದ ಮೇಲೆ, "ಸಿಸ್ಟರ್, ಬಾಟಲಿ ಒಂದ್ಸಲ ನೋಡ್ತೀರಾ?" ಅಂದೆ.

ನೋಡಿದರು. ಸಿರಿಂಜ್ ಬಿಸಾಕಿದರು. "ಹೇಳಿದ್ಯಲ್ಲ ಮಾರಾಯ್ತಿ, ಬಚಾವ್" ಅಂದರು.

ಬೆಳಿಗ್ಗೆ ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಎಲ್ಲರ ಎದುರು ಅವರೇ ಹೇಳಿದರು: "ರಾತ್ರಿ ನಾನು ತಪ್ಪು ಡೋಸ್ ಕೊಡ್ತಿದ್ದೆ, ಇವಳು ತಡೆದಳು." ಇನ್‌ಚಾರ್ಜ್ ಸಿಸ್ಟರ್ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಮಧ್ಯಾಹ್ನದೊಳಗೆ ಎರಡು ಸಿರಿಂಜಿಗೂ ಬೇರೆ ಬೇರೆ ಡಬ್ಬಿ, ದಪ್ಪ ಅಕ್ಷರದ ಲೇಬಲ್. ಔಷಧಿ ತರಿಸುವ ಮುಂದಿನ ಇಂಡೆಂಟ್‌ನಲ್ಲಿ ಒಂದೇ ಥರದ ಇನ್ಸುಲಿನ್ ಕೇಳಿದರು.

ಹ್ಯಾಂಡೋವರ್‌ನ ಆ ಮಾತು ಲೀಡರ್‌ಶಿಪ್. ಆ ಡಬ್ಬಿ ಮ್ಯಾನೇಜ್‌ಮೆಂಟ್. ಸೀನಿಯರ್ ಸಿಸ್ಟರ್‌ಗೆ ಯಾವ ಹುದ್ದೆಯೂ ಇರಲಿಲ್ಲ ಅನ್ನುವುದನ್ನು ಗಮನಿಸಿ.

[ದೃಶ್ಯ: ಅಡಿಕೆ ತೋಟದ ದಾರಿ, ಚೀಲ ಹಿಡಿದ ಆಶಾ ಕಾರ್ಯಕರ್ತೆ]

ಸಿದ್ದಾಪುರದ ಕಡೆ ಮಂಗನ ಕಾಯಿಲೆ ಸಮಯದಲ್ಲೂ ಹಾಗೆಯೇ. ಕಾಯಿಲೆ ಹರಡುವ ಉಣುಗು ಕಚ್ಚದಂತೆ ಹಚ್ಚುವ ಡೆಪಾ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಊರಿಗೆ ತಲುಪಿಸುವುದು ಮೇಲಿನವರ ಕೆಲಸ. ಒಣ ಎಲೆ ತರಲು ಬೆಟ್ಟಕ್ಕೆ ಹೊರಟವರು ಅದನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕಲ್ಲ, ಅದಕ್ಕೆ ಆಶಾ ಅಕ್ಕನ ಮಾತೇ ಬೇಕು.

ಹಾಗಂತ ಮ್ಯಾನೇಜ್‌ಮೆಂಟ್ ಅಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಲ್ಲರಿಗೂ ಬೇಕಾದ ಸಿಸ್ಟರ್, ಆದರೆ ತುರ್ತು ಟ್ರಾಲಿಯಲ್ಲಿ ಹೃದಯ ನಿಂತಾಗ ಕೊಡುವ ಅಡ್ರಿನಲಿನ್ ಖಾಲಿಯಾದದ್ದೇ ಗೊತ್ತಿಲ್ಲ. ಏನು ಪ್ರಯೋಜನ? ನೈಟಿಂಗೇಲ್ ಅಂದರೆ ದೀಪ ಹಿಡಿದ ಚಿತ್ರವೇ ನೆನಪಾಗುತ್ತದೆ ಅಲ್ವಾ? 1854ರಲ್ಲಿ 38 ನರ್ಸ್‌ಗಳ ಜೊತೆ ತುರ್ಕಿಯ ಸ್ಕುಟಾರಿಯ ಯುದ್ಧ ಆಸ್ಪತ್ರೆಗೆ ಹೋದ ಆಕೆ ಬಟ್ಟೆ ಒಗೆಸುವ, ಅಡುಗೆ ಮಾಡಿಸುವ ವ್ಯವಸ್ಥೆಗೂ ಓಡಾಡಿದರು. ಸತ್ತವರ ಲೆಕ್ಕವನ್ನೂ ಇಟ್ಟರು.

ಈಗ ನಾನೇ ಇನ್‌ಚಾರ್ಜ್. ಅತಿ ಕಷ್ಟದ ಕೆಲಸ ಯಾವುದು ಗೊತ್ತಾ? ಚೌತಿ ವಾರದ ಡ್ಯೂಟಿ ಚಾರ್ಟ್. ನಮ್ಮ ಕಡೆ ಚೌತಿಗೆ ಮನೆಗೆ ಹೋಗದವರು ಯಾರಿದ್ದಾರೆ! ಈ ಸಲ ಹಬ್ಬದ ನೈಟ್‌ಗೆ ಮೊದಲು ನನ್ನ ಹೆಸರೇ ಬರೆದೆ. ಉಳಿದ ಎರಡು ಹೆಸರಿಗೆ ಜಗಳ ಇನ್ನೂ ನಡೆಯುತ್ತಿದೆ.